ವರದಿಗೆ ಒಪ್ಪಿಗೆ ಕೊಡುವವರು ಯಾರು? ಸೀಸದ ಪೆಟ್ರೋಲು ಮತ್ತು ಒಂದು ಸರ್ಕಾರಿ ಒಪ್ಪಂದ

1924ರ ಅಕ್ಟೋಬರ್ ಕೊನೆಯ ವಾರದಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಬೇವೇ ಎಂಬಲ್ಲಿದ್ದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ತೈಲ ಸಂಸ್ಕರಣಾಗಾರದಿಂದ ಕಾರ್ಮಿಕರನ್ನು ಒಬ್ಬರ ಹಿಂದೊಬ್ಬರಂತೆ ಆಸ್ಪತ್ರೆಗೆ ಸಾಗಿಸಲಾಯಿತು. ಅವರಿಗೆ ಜ್ವರವಿರಲಿಲ್ಲ, ಗಾಯವಾಗಿರಲಿಲ್ಲ. ನಿದ್ದೆ ಬಿಟ್ಟುಹೋಗಿತ್ತು, ಕೈಕಾಲು ನಡುಗುತ್ತಿದ್ದವು, ಇಲ್ಲದ್ದು ಕಣ್ಣಿಗೆ ಕಾಣುತ್ತಿತ್ತು. ಕೆಲವರನ್ನು ಬಿಗಿಯಂಗಿ ತೊಡಿಸಿ ಕಟ್ಟಿಹಾಕಬೇಕಾಯಿತು. ಆ ಘಟಕದಲ್ಲಿ ದುಡಿಯುತ್ತಿದ್ದ 49 ಮಂದಿಯಲ್ಲಿ ಐವರು ಸತ್ತರು, 35 ಮಂದಿ ತೀವ್ರವಾಗಿ ಅಸ್ವಸ್ಥರಾದರು. ಅವರು ತಯಾರಿಸುತ್ತಿದ್ದುದು ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತವನ್ನು. ಪೆಟ್ರೋಲಿಗೆ ಅದನ್ನು ಅತಿ ಕಡಿಮೆ ಪ್ರಮಾಣದಲ್ಲಿ ಬೆರೆಸಿದರೂ ಎಂಜಿನ್ನಿನ ಬಡಿತದ ಸದ್ದು ನಿಲ್ಲುತ್ತದೆ ಎಂದು ಜನರಲ್ ಮೋಟರ್ಸ್ ಕಂಪನಿಯ ಥಾಮಸ್ ಮಿಡ್ಜ್‌ಲಿ 1921ರ ಡಿಸೆಂಬರಿನಲ್ಲಿ ಕಂಡುಕೊಂಡಿದ್ದರು. ಡೆಲವೇರ್ ನದಿಯ ದಂಡೆಯ ಡೀಪ್‌ವಾಟರ್‌ನಲ್ಲಿದ್ದ ಡ್ಯುಪಾಂಟ್ ಕಂಪನಿಯ ಘಟಕದಲ್ಲಿಯೂ ಇದೇ ರಾಸಾಯನಿಕ ಸಿದ್ಧವಾಗುತ್ತಿತ್ತು. ಅಲ್ಲಿಯ ಕಾರ್ಮಿಕರು ಗಾಳಿಯಲ್ಲಿ ಇಲ್ಲದ ಹುಳುಗಳನ್ನು ಕೈಯಿಂದ ಓಡಿಸುತ್ತಿದ್ದುದರಿಂದ ಆ ಕಟ್ಟಡಕ್ಕೆ ಚಿಟ್ಟೆಗಳ ಮನೆ ಎಂಬ ಹೆಸರು ಬಿದ್ದಿತ್ತು.

ಈ ಸಾವುಗಳ ಬಗ್ಗೆ ಸಾಕಷ್ಟು ಬರೆಯಲಾಗಿದೆ. ನನ್ನ ಗಮನವಿರುವುದು ಅದೇ ವಾರ ಹೊರಬಂದ ಒಂದು ಸರ್ಕಾರಿ ವರದಿಯ ಮೇಲೆ. ಬೇವೇಯ ಸುದ್ದಿ ಪತ್ರಿಕೆಗಳ ಮುಖಪುಟದಲ್ಲಿದ್ದಾಗಲೇ ಅಮೆರಿಕದ ಗಣಿಗಳ ಬ್ಯೂರೊ ತನ್ನ ಪ್ರಾಥಮಿಕ ಅಧ್ಯಯನವನ್ನು ಬಿಡುಗಡೆ ಮಾಡಿ, ಸೀಸ ಬೆರೆಸಿದ ಪೆಟ್ರೋಲಿನ ಹೊಗೆಯಿಂದ ಸಾರ್ವಜನಿಕರಿಗೆ ಸೀಸದ ವಿಷವೇರುವ ಸಂಭವ ತೀರಾ ಕಡಿಮೆ ಎಂಬ ಅರ್ಥದ ತೀರ್ಮಾನವನ್ನು ಪ್ರಕಟಿಸಿತು. ಸರ್ಕಾರದ ವಿಜ್ಞಾನಿಗಳೇ ಹೇಳಿದ್ದಾರೆ ಎಂದ ಮೇಲೆ ಓದುಗರ ಭಯ ಕಡಿಮೆಯಾಗುವುದು ಸಹಜ. ಆದರೆ ಆ ಅಧ್ಯಯನದ ಹಣ ಯಾರದು, ಅದನ್ನು ಪ್ರಕಟಿಸುವ ಮೊದಲು ಯಾರು ಓದಿ ಒಪ್ಪಬೇಕಿತ್ತು ಎಂಬ ಪ್ರಶ್ನೆಗಳಿಗೆ ಉತ್ತರ ಆ ವರದಿಯೊಳಗಲ್ಲ, ಅದಕ್ಕೆ ಒಂದು ವರ್ಷ ಮೊದಲು ಸಹಿಯಾಗಿದ್ದ ಒಪ್ಪಂದದಲ್ಲಿತ್ತು.

1923ರಲ್ಲಿ ಜನರಲ್ ಮೋಟರ್ಸ್ ಕಂಪನಿಯೂ ಗಣಿಗಳ ಬ್ಯೂರೊವೂ ಒಂದು ಒಡಂಬಡಿಕೆಗೆ ಬಂದವು. ಸೀಸದ ಪೆಟ್ರೋಲಿನ ಹೊಗೆ ಆರೋಗ್ಯಕ್ಕೆ ಹಾನಿಕರವೇ ಎಂಬುದನ್ನು ಬ್ಯೂರೊ ತನ್ನ ಪಿಟ್ಸ್‌ಬರ್ಗ್ ಕೇಂದ್ರದಲ್ಲಿ ಪ್ರಾಣಿಗಳ ಮೇಲೆ ಪರೀಕ್ಷಿಸಬೇಕು, ವೆಚ್ಚವನ್ನು ಕಂಪನಿ ಭರಿಸಬೇಕು ಎಂಬುದು ಅದರ ತಿರುಳು. ಇಷ್ಟರಲ್ಲಿ ಅಸಹಜವಾದುದೇನೂ ಇಲ್ಲ. ಒಂದು ವಸ್ತುವನ್ನು ಮಾರಿ ಲಾಭ ಮಾಡಲಿರುವವರು ಅದರ ಸುರಕ್ಷತೆಯ ಪರೀಕ್ಷೆಗೆ ತಾವೇ ಹಣ ಕೊಡಲಿ ಎಂದು ಇಂದಿಗೂ ನಾವೇ ವಾದಿಸುತ್ತೇವೆ, ತೆರಿಗೆದಾರರು ಏಕೆ ಕೊಡಬೇಕು ಎಂದು ಕೇಳುತ್ತೇವೆ. ಆದುದರಿಂದ ಕಂಪನಿಯ ಹಣ ಪಡೆದದ್ದೇ ತಪ್ಪು ಎಂಬ ಅವಸರದ ತೀರ್ಪನ್ನು ನಾನು ಒಪ್ಪುವುದಿಲ್ಲ. ಹಣದ ಜೊತೆಗೆ ಬಂದ ಷರತ್ತುಗಳನ್ನು ಒಂದೊಂದಾಗಿ ನೋಡಿದಾಗ ಮಾತ್ರ ವಿಷಯ ತಿಳಿಯುತ್ತದೆ.

ಮೊದಲ ಷರತ್ತು, ಅಧ್ಯಯನ ನಡೆಯುತ್ತಿರುವಾಗ ಪತ್ರಿಕೆಗಳಿಗೆ ಯಾವ ಮಾಹಿತಿಯನ್ನೂ ಕೊಡಬಾರದು ಎಂಬುದು. ಅರ್ಧ ಮುಗಿದ ಪ್ರಯೋಗದ ಬಗ್ಗೆ ಬಾಯಿಬಿಡದಿರುವುದು ಒಳ್ಳೆಯದೇ ಎಂದು ಯಾವ ವಿಜ್ಞಾನಿಯೂ ಒಪ್ಪಬಹುದು. ಎರಡನೆಯದು, ಬ್ಯೂರೊದ ಒಳಗಿನ ಪತ್ರವ್ಯವಹಾರದಲ್ಲಿಯೂ ಸೀಸ ಎಂಬ ಹೆಸರನ್ನು ಬಳಸದೆ, ವ್ಯಾಪಾರದ ಹೆಸರಾದ ಈಥೈಲ್ ಎಂಬುದನ್ನೇ ಬಳಸಬೇಕು ಎಂಬುದು. ಸರ್ಕಾರಿ ಸಂಸ್ಥೆಯೊಂದು ಮಾರುಕಟ್ಟೆಯ ಹೆಸರನ್ನು ಏಕೆ ಹೊರಬೇಕು ಎಂದು ಬ್ಯೂರೊದ ಮುಖ್ಯ ರಸಾಯನಶಾಸ್ತ್ರಜ್ಞರು ಆಕ್ಷೇಪಿಸಿದ್ದರು; ಸುದ್ದಿ ಹೊರಗೆ ಸೋರಿದರೂ ಪತ್ರಿಕೆಗಳು ಸೀಸದ ಹೆಸರು ಹಿಡಿದು ಗುಲ್ಲೆಬ್ಬಿಸದಿರಲಿ ಎಂಬ ಸಮಜಾಯಿಷಿ ಪಿಟ್ಸ್‌ಬರ್ಗ್‌ನಿಂದ ಬಂತು. ಮೂರನೆಯ ಷರತ್ತು ಸೇರಿಕೊಂಡದ್ದು 1924ರ ಮಧ್ಯದಲ್ಲಿ ಒಪ್ಪಂದವನ್ನು ಪರಿಷ್ಕರಿಸಿದಾಗ. ಪ್ರಕಟಣೆಗೆ ಮುನ್ನ ಎಲ್ಲ ಹಸ್ತಪ್ರತಿಗಳನ್ನೂ ಕಂಪನಿಗೆ ಕಳಿಸಿ ಅದರ ಅಭಿಪ್ರಾಯ, ಟೀಕೆ ಮತ್ತು ಅನುಮೋದನೆ ಪಡೆಯಬೇಕು ಎಂದು ಅದು ಹೇಳುತ್ತಿತ್ತು. ಅಭಿಪ್ರಾಯವನ್ನು ಕೇಳಬಹುದು, ಟೀಕೆಯನ್ನು ಸ್ವಾಗತಿಸಬಹುದು. ಅನುಮೋದನೆ ಎಂಬ ಮೂರನೆಯ ಪದ ಸೇರಿದ ಕ್ಷಣದಲ್ಲಿ ವರದಿಯ ಒಡೆತನ ಸರ್ಕಾರದ ಕೈ ತಪ್ಪಿತು.

ಬೇಲಿಯೇ ಎದ್ದು ಹೊಲ ಮೇಯಿತು ಎಂದು ಹೇಳಿಬಿಡುವುದು ಸುಲಭ. ಆದರೆ ಇಲ್ಲಿ ಬೇಲಿ ಹಾಕುವ ಖರ್ಚನ್ನು ದನದ ಒಡೆಯನೇ ಕೊಟ್ಟು, ಎಲ್ಲೆಲ್ಲಿ ಕಂಡಿ ಬಿಡಬೇಕೆಂಬುದನ್ನೂ ತಾನೇ ಹೇಳಿದ್ದ. ಬ್ಯೂರೊದ ಅಧಿಕಾರಿಗಳು ಲಂಚ ತೆಗೆದುಕೊಂಡರೆಂದು ನಾನು ಹೇಳುತ್ತಿಲ್ಲ. ಅವರು ಉದ್ಯಮಕ್ಕೆ ನೆರವಾಗುವುದೇ ತಮ್ಮ ಕೆಲಸವೆಂದು ಪ್ರಾಮಾಣಿಕವಾಗಿ ನಂಬಿದ್ದ ಸಂಸ್ಥೆಯವರು. ಒಂದೊಂದೇ ಷರತ್ತಿಗೆ ತಲೆಯಾಡಿಸುತ್ತ ಹೋದವರಿಗೆ ಮೂರನೆಯದು ಮೊದಲನೆಯದಕ್ಕಿಂತ ಎಷ್ಟು ದೂರದ್ದು ಎಂಬುದು ಕಾಣದೆ ಹೋದುದರಲ್ಲಿ ಆಶ್ಚರ್ಯವಿಲ್ಲ.

ಷರತ್ತುಗಳಷ್ಟೇ ಮುಖ್ಯವಾದುದು ಪ್ರಯೋಗಕ್ಕೆ ಆರಿಸಿಕೊಂಡ ಪ್ರಶ್ನೆ. ಪಿಟ್ಸ್‌ಬರ್ಗ್‌ನಲ್ಲಿ ಮೊಲ, ನಾಯಿ, ಕೋತಿ ಮುಂತಾದ ಪ್ರಾಣಿಗಳನ್ನು ಕೋಣೆಗಳಲ್ಲಿಟ್ಟು ಎಂಜಿನ್ನಿನಿಂದ ಬಂದ ಹೊಗೆಯನ್ನು ಅಳತೆಮಾಡಿ ಒಳಗೆ ಬಿಡಲಾಯಿತು. ಸೀಸ ಬೆರೆತ ಪೆಟ್ರೋಲಿನ ಹೊಗೆಯನ್ನು ಆರೋಗ್ಯವಾಗಿರುವ ಪ್ರಾಣಿ ದಿನಕ್ಕೆ ಕೆಲವು ಗಂಟೆ, ಕೆಲವು ತಿಂಗಳು ಉಸಿರಾಡಿದರೆ ಏನಾಗುತ್ತದೆ ಎಂಬುದಕ್ಕೆ ಈ ಪ್ರಯೋಗ ಉತ್ತರ ಕೊಡಬಲ್ಲದು. ಆದರೆ ನಗರದ ಬೀದಿಯಲ್ಲಿ ವರ್ಷಗಟ್ಟಲೆ ಉದುರಿ ಧೂಳಿನಲ್ಲಿ ಸೇರಿಕೊಳ್ಳುವ ಸೀಸದ ಬಗ್ಗೆ ಅದು ಏನೂ ಹೇಳಲಾರದು, ಮತ್ತು ಬೇವೇಯಲ್ಲಿ ಸತ್ತವರ ಬಗ್ಗೆಯಂತೂ ಒಂದಕ್ಷರವನ್ನೂ ಹೇಳಲಾರದು. ಅವರು ಸತ್ತದ್ದು ಹೊಗೆಯಿಂದಲ್ಲ, ಪೆಟ್ರೋಲಿಗೆ ಬೆರೆಸುವ ಮೊದಲಿನ ಸಾಂದ್ರ ದ್ರವದಿಂದ. ಆ ದ್ರವ ಕೊಬ್ಬಿನಲ್ಲಿ ಕರಗುತ್ತದೆ. ಆದುದರಿಂದ ಚರ್ಮದ ಮೂಲಕವೂ ಒಳಗಿಳಿದು ನೇರವಾಗಿ ಮಿದುಳನ್ನು ತಲುಪುತ್ತದೆ. ಬಣ್ಣದ ಕಾರ್ಖಾನೆಗಳಲ್ಲಿ ಕಾಣುತ್ತಿದ್ದ ಹೊಟ್ಟೆಶೂಲೆ, ಒಸಡಿನ ಮೇಲಿನ ನೀಲಿಗೆರೆ, ಜೋತುಬೀಳುವ ಮಣಿಕಟ್ಟು ಮುಂತಾದ ಹಳೆಯ ಗುರುತುಗಳನ್ನು ಕಾಯುತ್ತ ಕುಳಿತ ವೈದ್ಯನಿಗೆ ಇದು ಸೀಸದ ಕೆಲಸವೆಂದೇ ಹೊಳೆಯುವುದಿಲ್ಲ. ಕಾರ್ಖಾನೆಯೊಳಗಿನವರ ಸಾವಿಗೆ ಉತ್ತರವಾಗಿ ಕಾರ್ಖಾನೆಯ ಹೊರಗಿನವರ ಸುರಕ್ಷತೆಯ ಬಗೆಗಿನ ವರದಿಯನ್ನು ಮುಂದಿಟ್ಟಾಗ, ಎರಡೂ ಒಂದೇ ಎಂದು ಓದುಗರು ತಿಳಿದರು. ಅಕ್ಟೋಬರ್ 30ರಂದು ಮಿಡ್ಜ್‌ಲಿಯವರು ಪತ್ರಕರ್ತರ ಮುಂದೆ ಅದೇ ದ್ರವದಲ್ಲಿ ಕೈ ತೊಳೆದು, ಅದರ ಆವಿಯನ್ನು ಮೂಸಿ ತೋರಿಸಿದರು. ಹಿಂದಿನ ವರ್ಷ ಸ್ವತಃ ಸೀಸದ ವಿಷವೇರಿ ಕೆಲಸ ಬಿಟ್ಟು ಫ್ಲಾರಿಡಾದ ಗಾಳಿಗೆ ಹೋಗಿ ಬಂದಿದ್ದವರು ಅವರೇ.

ಎಲ್ಲರೂ ಸುಮ್ಮನೆ ಕೂರಲಿಲ್ಲ. ನ್ಯೂಯಾರ್ಕ್ ನಗರದ ಆರೋಗ್ಯ ಮಂಡಳಿ ಸೀಸದ ಪೆಟ್ರೋಲಿನ ಮಾರಾಟವನ್ನು ನಿಷೇಧಿಸಿತು. ಇನ್ನೂ ಕೆಲವು ಊರುಗಳು ಹಾಗೆಯೇ ಮಾಡಿದವು. ಯೇಲ್ ವಿಶ್ವವಿದ್ಯಾಲಯದ ಶರೀರಶಾಸ್ತ್ರಜ್ಞ ಯಾಂಡೆಲ್ ಹೆಂಡರ್ಸನ್ ಅವರೂ ಹಾರ್ವರ್ಡ್‌ನ ಆಲಿಸ್ ಹ್ಯಾಮಿಲ್ಟನ್ ಅವರೂ ಬ್ಯೂರೊದ ವರದಿಯನ್ನು ಬಹಿರಂಗವಾಗಿ ಪ್ರಶ್ನಿಸಿದರು. ಹ್ಯಾಮಿಲ್ಟನ್ ಅವರ ಬಗ್ಗೆ ಎರಡು ಮಾತು ಹೇಳಲೇಬೇಕು. 1910ರ ಸುಮಾರಿಗೆ ಇಲಿನಾಯ್ ರಾಜ್ಯದ ವೃತ್ತಿರೋಗಗಳ ಸಮೀಕ್ಷೆಯನ್ನು ನಡೆಸಿದ ಅವರು ಆ ಬಳಿಕ ಕೇಂದ್ರ ಸರ್ಕಾರದ ಕಾರ್ಮಿಕ ಬ್ಯೂರೊಗಾಗಿ, ಬಣ್ಣಕ್ಕೆ ಬಳಸುವ ಬಿಳಿ ಸೀಸದ ಕಾರ್ಖಾನೆಗಳನ್ನು ಸುತ್ತಿದರು. ಒಂದು ಕಾರ್ಖಾನೆಯ ಬಾಗಿಲನ್ನು ಬಲವಂತದಿಂದ ತೆರೆಸುವ ಅಧಿಕಾರ ಅವರಿಗೆ ಇರಲಿಲ್ಲ. ಮಾಲೀಕರ ಒಪ್ಪಿಗೆ ಪಡೆದೇ ಒಳಹೋಗಬೇಕಿತ್ತು. ಆಸ್ಪತ್ರೆಗಳ ದಾಖಲೆಗಳನ್ನು ನೋಡಿ, ಕಾರ್ಮಿಕರ ಮನೆಗಳಿಗೆ ಹೋಗಿ, ಔಷಧದ ಅಂಗಡಿಯವರನ್ನೂ ಪಾದ್ರಿಗಳನ್ನೂ ವಿಚಾರಿಸಿ, ಯಾವ ರೋಗಿ ಯಾವ ಕೆಲಸದವನು ಎಂಬುದನ್ನು ಅವರು ಗುರುತು ಹಾಕಿಕೊಂಡರು. ಕಾರ್ಖಾನೆಯೊಳಗೆ ಸಿಗದ ಸಾಕ್ಷ್ಯ ಕಾರ್ಮಿಕನ ಮನೆಯಲ್ಲಿ ಸಿಗುತ್ತದೆ ಎಂಬ ಈ ಪದ್ಧತಿಯನ್ನು ಪಿಟ್ಸ್‌ಬರ್ಗ್‌ನ ಮೊಲಗಳ ಕೋಣೆಯ ಜೊತೆಗಿಟ್ಟು ನೋಡಿದರೆ, ಯಾವುದನ್ನು ಸರ್ಕಾರದ ಸಂಶೋಧನೆ ಎನ್ನಬೇಕು ಎಂಬುದರ ಬಗ್ಗೆ ನನಗೆ ಅನುಮಾನ ಉಳಿಯುವುದಿಲ್ಲ. 1919ರಲ್ಲಿ ಹಾರ್ವರ್ಡ್ ಅವರನ್ನು ತನ್ನ ಮೊದಲ ಮಹಿಳಾ ಅಧ್ಯಾಪಕಿಯಾಗಿ ನೇಮಿಸಿತು.

ವಿವಾದ ಜೋರಾದಾಗ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯ ಮುಖ್ಯಸ್ಥ, ಸರ್ಜನ್ ಜನರಲ್ ಹ್ಯೂ ಕಮಿಂಗ್ 1925ರ ಮೇ 20ರಂದು ವಾಷಿಂಗ್ಟನ್ನಿನಲ್ಲಿ ಒಂದು ಸಮಾವೇಶ ಕರೆದರು; ಸೀಸದ ಪೆಟ್ರೋಲನ್ನು ಮಾರಲು ಜನರಲ್ ಮೋಟರ್ಸ್ ಮತ್ತು ಸ್ಟ್ಯಾಂಡರ್ಡ್ ಆಯಿಲ್ ಸೇರಿ ಕಟ್ಟಿದ್ದ ಈಥೈಲ್ ಕಂಪನಿ ಅದಕ್ಕೆ ಮೊದಲೇ ಮಾರಾಟವನ್ನು ತಾತ್ಕಾಲಿಕವಾಗಿ ನಿಲ್ಲಿಸಿತ್ತು. ಸ್ಟ್ಯಾಂಡರ್ಡ್ ಆಯಿಲ್‌ನ ಪ್ರತಿನಿಧಿ ಈ ರಾಸಾಯನಿಕವನ್ನು ದೇವರ ಕೊಡುಗೆ ಎಂದು ಬಣ್ಣಿಸಿದ್ದು ಅಲ್ಲಿಯೇ. ಕಾರ್ಖಾನೆಯೊಳಗಿನ ಪರಿಸ್ಥಿತಿಯನ್ನು ಹತೋಟಿಯಲ್ಲಿಡಬಹುದು, ಇಡೀ ದೇಶವನ್ನು ಹೇಗೆ ಹತೋಟಿಯಲ್ಲಿಡುತ್ತೀರಿ ಎಂಬುದು ಹ್ಯಾಮಿಲ್ಟನ್ ಅವರ ಪ್ರಶ್ನೆಯಾಗಿತ್ತು. ಕಂಪನಿಯ ವೈದ್ಯಕೀಯ ಸಲಹೆಗಾರರಾಗಿದ್ದ ಸಿನ್ಸಿನಾಟಿಯ ಯುವ ವೈದ್ಯ ರಾಬರ್ಟ್ ಕೀಹೋ ಅವರ ನಿಲುವು ಬೇರೆಯಿತ್ತು. ಅಪಾಯವಿದೆ ಎಂದು ತೋರಿಸಿಕೊಡಿ, ಕೂಡಲೇ ಕೈಬಿಡುತ್ತೇವೆ. ತೋರಿಸದೆ ಅನುಮಾನದ ಮೇಲೆ ಇಷ್ಟು ಉಪಯುಕ್ತವಾದ ವಸ್ತುವನ್ನು ಬಿಡಲು ಹೇಳಬೇಡಿ ಎಂಬುದು ಅದರ ಸಾರ. ಕೇಳಲು ಇದಕ್ಕಿಂತ ನ್ಯಾಯವಾದ ಮಾತಿಲ್ಲ. ಆದರೆ ಅಪಾಯವನ್ನು ತೋರಿಸಲು ಬೇಕಾದ ಪ್ರಯೋಗಾಲಯ, ಕಾರ್ಮಿಕರ ರಕ್ತ ಮತ್ತು ಮೂತ್ರದ ಮಾದರಿಗಳು, ಕಾರ್ಖಾನೆಯೊಳಗೆ ಪ್ರವೇಶ, ಇವೆಲ್ಲವೂ ಯಾರ ಕೈಯಲ್ಲಿದ್ದವು ಎಂದು ಕೇಳಿದರೆ ಆ ನ್ಯಾಯದ ತೂಕ ತಿಳಿಯುತ್ತದೆ.

ಸಮಾವೇಶದ ಕೊನೆಗೆ ಏಳು ಮಂದಿ ತಜ್ಞರ ಸಮಿತಿಯನ್ನು ನೇಮಿಸಲಾಯಿತು. ಅವರಿಗೆ ಸಿಕ್ಕ ಅವಧಿ ಏಳು ತಿಂಗಳು. ಡೇಟನ್ ಮತ್ತು ಸಿನ್ಸಿನಾಟಿಯ 252 ಚಾಲಕರನ್ನೂ ಗ್ಯಾರೇಜು ಕೆಲಸಗಾರರನ್ನೂ ಪರೀಕ್ಷಿಸಿ, ಸೂಕ್ತ ನಿಯಂತ್ರಣವಿದ್ದರೆ ಸೀಸದ ಪೆಟ್ರೋಲನ್ನು ನಿಷೇಧಿಸಲು ಸದ್ಯಕ್ಕೆ ಬಲವಾದ ಕಾರಣವಿಲ್ಲ ಎಂದು 1926ರ ಆರಂಭದಲ್ಲಿ ವರದಿ ಕೊಟ್ಟರು. ಪತ್ರಿಕೆಗಳಲ್ಲಿ ಬಂದದ್ದು ಅಷ್ಟೇ. ಅದೇ ವರದಿಯಲ್ಲಿ ಆ ತಜ್ಞರು ಎಚ್ಚರಿಕೆಯಿಂದ ಸೇರಿಸಿದ್ದ ಇನ್ನೊಂದು ಭಾಗವಿದೆ: ಇಷ್ಟು ಕಡಿಮೆ ಅವಧಿಯಲ್ಲಿ ಕಾಣದ ತೊಂದರೆ, ಮೈಯಲ್ಲಿ ಸೀಸ ಸ್ವಲ್ಪಸ್ವಲ್ಪವೇ ಶೇಖರವಾಗುತ್ತ ಹೋದರೆ ವರ್ಷಗಳ ನಂತರ ಕಾಣಿಸಿಕೊಳ್ಳಬಹುದು, ಆದುದರಿಂದ ಸಾರ್ವಜನಿಕ ಆರೋಗ್ಯ ಸೇವೆಯು ಸರ್ಕಾರದ ಹಣದಿಂದಲೇ ಅಧ್ಯಯನವನ್ನು ಮುಂದುವರಿಸಬೇಕು. ಈ ಶಿಫಾರಸು ಜಾರಿಗೆ ಬರಲಿಲ್ಲ. 1959ರಲ್ಲಿ ಒಂದು ಗ್ಯಾಲನ್ ಪೆಟ್ರೋಲಿಗೆ ಬೆರೆಸುವ ಪ್ರಮಾಣವನ್ನು 3 ಘನ ಸೆಂಟಿಮೀಟರಿನಿಂದ 4ಕ್ಕೆ ಏರಿಸುವ ಬೇಡಿಕೆ ಕಂಪನಿಯಿಂದ ಬಂದಾಗ ಕುಳಿತ ಸಮಿತಿ, 1926ರಲ್ಲಿ ಹೇಳಿದ್ದ ಅಧ್ಯಯನಗಳು ನಡೆಯದಿದ್ದುದು ವಿಷಾದದ ಸಂಗತಿ ಎಂದು ಬರೆದು, ಏರಿಕೆಗೆ ಒಪ್ಪಿಗೆಯನ್ನೂ ಕೊಟ್ಟಿತು. ಸರ್ಕಾರಿ ಕಡತಗಳ ಭಾಷೆ ಬಲ್ಲವರಿಗೆ ಈ ವಾಕ್ಯದ ರುಚಿ ತಿಳಿದಿರುತ್ತದೆ.

ಆ ಮೂವತ್ತಕ್ಕೂ ಹೆಚ್ಚು ವರ್ಷ ಸೀಸದ ಬಗ್ಗೆ ಸಂಶೋಧನೆ ನಿಂತಿರಲಿಲ್ಲ. ಅದು ಸಿನ್ಸಿನಾಟಿ ವಿಶ್ವವಿದ್ಯಾಲಯದ ಕೆಟರಿಂಗ್ ಪ್ರಯೋಗಾಲಯದಲ್ಲಿ, ಕೀಹೋ ಅವರ ನೇತೃತ್ವದಲ್ಲಿ, 1930ರಿಂದ ಈಥೈಲ್, ಜನರಲ್ ಮೋಟರ್ಸ್ ಮತ್ತು ಡ್ಯುಪಾಂಟ್ ಕಂಪನಿಗಳ ಹಣದಲ್ಲಿ ನಡೆಯುತ್ತಿತ್ತು. ಕೀಹೋ ಅವರು ಈಥೈಲ್ ಕಂಪನಿಯ ವೈದ್ಯಕೀಯ ನಿರ್ದೇಶಕರೂ ಆಗಿದ್ದರು. ಅವರು ಕೆಟ್ಟ ವಿಜ್ಞಾನಿಯಾಗಿರಲಿಲ್ಲ ಎಂಬುದೇ ಈ ಕಥೆಯ ತೊಡಕಿನ ಭಾಗ. ಕಾರ್ಖಾನೆಗಳಲ್ಲಿ ಕಾರ್ಮಿಕರ ತಪಾಸಣೆಯನ್ನು ಕ್ರಮಬದ್ಧಗೊಳಿಸಿದರು. ಟೆಟ್ರಾಈಥೈಲ್ ಲೆಡ್ ತಯಾರಿಸುವ ಘಟಕಗಳಲ್ಲಿ 1924ರಂತಹ ಸಾವುಗಳು ಮರುಕಳಿಸದಂತೆ ವ್ಯವಸ್ಥೆ ಮಾಡಿಸಿದರು. ಆದರೆ ಅವರ ಇಡೀ ಚಿಂತನೆ ಎರಡು ನಂಬಿಕೆಗಳ ಮೇಲೆ ನಿಂತಿತ್ತು: ಮನುಷ್ಯನ ಮೈಯಲ್ಲಿ ಸೀಸವಿರುವುದು ಸಹಜ, ಮತ್ತು ರಕ್ತದಲ್ಲಿ ಒಂದು ಡೆಸಿಲೀಟರಿಗೆ 80 ಮೈಕ್ರೊಗ್ರಾಂ ದಾಟುವವರೆಗೆ ವಯಸ್ಕನಿಗೆ ತೊಂದರೆಯಿಲ್ಲ. ಮೊದಲನೆಯದಕ್ಕೆ ಅವರು ಕೊಟ್ಟ ಆಧಾರಗಳಲ್ಲಿ ಮೆಕ್ಸಿಕೊದ ಹಳ್ಳಿಯೊಂದರ ಜನರ ಪರೀಕ್ಷೆಯೂ ಒಂದು. ಪೆಟ್ರೋಲು ಕಾಣದ ಅವರ ಮೈಯಲ್ಲಿಯೂ ಸೀಸವಿದೆ ಎಂದಾದ ಮೇಲೆ ಅದು ಪ್ರಕೃತಿಯದೇ ಎಂಬ ತೀರ್ಮಾನ. ಅವರು ಉಣ್ಣುತ್ತಿದ್ದ ಮಣ್ಣಿನ ಪಾತ್ರೆಗಳ ಮೆರುಗಿನಲ್ಲಿ ಸೀಸವಿದ್ದೀತು ಎಂಬ ಪ್ರಶ್ನೆಯನ್ನು ಬಲವಾಗಿ ಕೇಳುವ ಸಮಾನ ಸಾಮರ್ಥ್ಯದ ಇನ್ನೊಂದು ಪ್ರಯೋಗಾಲಯ ಆಗ ಇರಲಿಲ್ಲ. ಒಂದೇ ಪ್ರಯೋಗಾಲಯ, ಒಂದೇ ಹಣದ ಮೂಲ, ಸರ್ಕಾರವೂ ಅಂಕಿಅಂಶಕ್ಕಾಗಿ ಅಲ್ಲಿಗೇ ಹೋಗಬೇಕಾದ ಸ್ಥಿತಿ: 1924ರ ಒಪ್ಪಂದದ ಷರತ್ತು ಈಗ ಕಾಗದದ ಮೇಲೆ ಇರಬೇಕಾದ ಅಗತ್ಯವೂ ಇರಲಿಲ್ಲ.

ಈ ಏಕಸ್ವಾಮ್ಯವನ್ನು ಮುರಿದವರು ವೈದ್ಯರಲ್ಲ. ಭೂಮಿಯ ವಯಸ್ಸನ್ನು ಸೀಸದ ಐಸೊಟೋಪುಗಳಿಂದ ಲೆಕ್ಕಹಾಕಿದ ಭೂರಸಾಯನಶಾಸ್ತ್ರಜ್ಞ ಕ್ಲೇರ್ ಪ್ಯಾಟರ್‌ಸನ್, ತಮ್ಮ ಮಾದರಿಗಳಿಗೆ ಎಲ್ಲಿಂದಲೋ ಬಂದು ಸೇರುತ್ತಿದ್ದ ಸೀಸದ ಮೂಲ ಹುಡುಕುತ್ತ ಹೋಗಿ, ಇಡೀ ವಾತಾವರಣವೇ ಕೆಟ್ಟಿದೆ ಎಂಬಲ್ಲಿಗೆ ಬಂದು ನಿಂತರು. ಅಮೆರಿಕನ್ನರ ಮೈಯಲ್ಲಿ ಸಹಜಕ್ಕಿಂತ ಸುಮಾರು ನೂರು ಪಟ್ಟು ಸೀಸವಿದೆ ಎಂದು ಅವರು 1965ರಲ್ಲಿ ಬರೆದರು. ಆ ಬಳಿಕ ಸಾರ್ವಜನಿಕ ಆರೋಗ್ಯ ಸೇವೆಯೊಂದಿಗಿನ ಅವರ ಸಂಶೋಧನಾ ಒಪ್ಪಂದ ನವೀಕರಣಗೊಳ್ಳಲಿಲ್ಲ. 1971ರಲ್ಲಿ ವಾತಾವರಣದ ಸೀಸದ ಬಗ್ಗೆ ರಾಷ್ಟ್ರೀಯ ಸಂಶೋಧನಾ ಮಂಡಳಿ ರಚಿಸಿದ ತಜ್ಞರ ತಂಡದಲ್ಲಿ ಆ ವಿಷಯದ ಅತ್ಯಂತ ನಿಖರ ಮಾಪಕರಾದ ಅವರಿಗೆ ಸ್ಥಾನವಿರಲಿಲ್ಲ. ಸಮಿತಿಯಲ್ಲಿ ಯಾರಿದ್ದಾರೆ ಎಂದು ಓದುವ ಅಭ್ಯಾಸ ನಮಗಿದೆ. ಯಾರನ್ನು ಬಿಡಲಾಗಿದೆ ಎಂದು ಓದುವ ಅಭ್ಯಾಸವೂ ಬೇಕು. 1966ರಲ್ಲಿ ಸೆನೆಟರ್ ಮಸ್ಕಿ ಅವರ ಉಪಸಮಿತಿಯ ಮುಂದೆ ಕೀಹೋ ಮತ್ತು ಪ್ಯಾಟರ್‌ಸನ್ ಇಬ್ಬರೂ ಸಾಕ್ಷ್ಯ ನುಡಿದ ನಂತರವೂ ಸೀಸದ ಪೆಟ್ರೋಲು ಅಮೆರಿಕದ ರಸ್ತೆಗಳಿಂದ ಸಂಪೂರ್ಣವಾಗಿ ಹೋಗಲು 1996 ಬರಬೇಕಾಯಿತು. ಭಾರತದಲ್ಲಿ ಅದು 2000ದ ಫೆಬ್ರವರಿಯಲ್ಲಿ ನಿಂತಿತು. ಜಗತ್ತಿನಲ್ಲಿ ಕಟ್ಟಕಡೆಗೆ ಬಿಟ್ಟದ್ದು ಅಲ್ಜೀರಿಯಾ, 2021ರಲ್ಲಿ.

ಪೆಟ್ರೋಲಿನ ಕಥೆ ಹೀಗೆ ಒಂದು ಕೊನೆ ಕಂಡರೂ ಕಾರ್ಖಾನೆಯೊಳಗಿನ ಸೀಸದ ಕಥೆ ಮುಗಿದಿಲ್ಲ. ಅಲ್ಲಿ ನಡೆದ ದೊಡ್ಡ ಬದಲಾವಣೆಯೆಂದರೆ 1978ರಲ್ಲಿ ಅಮೆರಿಕದ ವೃತ್ತಿ ಸುರಕ್ಷತೆ ಮತ್ತು ಆರೋಗ್ಯ ಆಡಳಿತ ಹೊರಡಿಸಿದ ಸೀಸದ ಮಾನದಂಡ. ಅದನ್ನು ಹೊರಡಿಸಿದಾಗ ಆ ಸಂಸ್ಥೆಯ ಮುಖ್ಯಸ್ಥೆಯಾಗಿದ್ದವರು ಯೂಲಾ ಬಿಂಗ್‌ಹ್ಯಾಮ್. ಅವರು ಬಂದದ್ದು ಇದೇ ಸಿನ್ಸಿನಾಟಿ ವಿಶ್ವವಿದ್ಯಾಲಯದಿಂದ. ಕಂಪನಿಯ ಹಣದಿಂದ ಕಟ್ಟಿದ ವಿಭಾಗದಲ್ಲಿ ಬೆಳೆದವರೆಲ್ಲರೂ ಕಂಪನಿಯ ಮಾತನ್ನೇ ಆಡುತ್ತಾರೆಂದು ತಿಳಿದವರು ಈ ಒಂದು ಸಂಗತಿಯನ್ನು ನೆನಪಿಡುವುದು ಒಳ್ಳೆಯದು. ಗಾಳಿಯಲ್ಲಿ ಸೀಸದ ಮಿತಿಯನ್ನು ಒಂದು ಘನ ಮೀಟರಿಗೆ 200 ಮೈಕ್ರೊಗ್ರಾಂನಿಂದ 50ಕ್ಕೆ ಇಳಿಸಿದ್ದು ಅದರ ಪ್ರಸಿದ್ಧ ಭಾಗ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಜಾಣತನದ ಭಾಗ ಇನ್ನೊಂದಿದೆ. ಕಾರ್ಮಿಕನ ರಕ್ತದಲ್ಲಿ ಸೀಸ ನಿಗದಿತ ಮಟ್ಟವನ್ನು ದಾಟಿದರೆ ಅವನನ್ನು ಸೀಸದ ಕೆಲಸದಿಂದ ಬೇರೆಡೆಗೆ ಹಾಕಬೇಕು, ಮತ್ತು ಹಾಗೆ ಹಾಕಿದ ಮೇಲೂ ಅವನ ಸಂಬಳ, ಹಿರಿತನ, ಸವಲತ್ತುಗಳನ್ನು 18 ತಿಂಗಳವರೆಗೆ ಕಾಯ್ದುಕೊಡಬೇಕು.

ಇದು ಏಕೆ ಬೇಕಾಯಿತು ಎಂಬುದು ಕಾರ್ಖಾನೆಯ ಒಳಗನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ. ರಕ್ತಪರೀಕ್ಷೆಯಲ್ಲಿ ಹೆಚ್ಚು ಸೀಸ ಕಂಡರೆ ಕೆಲಸ ಹೋಗುತ್ತದೆ ಎಂದಾದಾಗ ಕಾರ್ಮಿಕನು ಪರೀಕ್ಷೆಯ ದಿನ ರಜೆ ಹಾಕುತ್ತಾನೆ, ಹೊಟ್ಟೆನೋವನ್ನು ವೈದ್ಯರಿಂದ ಮುಚ್ಚಿಡುತ್ತಾನೆ. ಪರೀಕ್ಷೆ ಅವನ ಶತ್ರುವಾಗುತ್ತದೆ. ಸಂಬಳಕ್ಕೆ ಭರವಸೆ ಕೊಟ್ಟಾಗ ಮಾತ್ರ ಅವನ ರಕ್ತದ ಅಂಕಿ ನಿಜವಾದ ಅಂಕಿಯಾಗುತ್ತದೆ. ಇನ್ನೊಂದು ಕೆಟ್ಟ ರೂಢಿಯನ್ನೂ ಆ ಮಾನದಂಡ ನಿಷೇಧಿಸಿತು: ಮೈಯಿಂದ ಸೀಸವನ್ನು ಹೊರಗೆಳೆಯುವ ಔಷಧವನ್ನು, ವಿಷವೇರಿದವರ ಚಿಕಿತ್ಸೆಗೆಂದಲ್ಲದೆ, ಕೆಲಸದಲ್ಲಿ ಮುಂದುವರಿಯುವವರ ರಕ್ತದ ಮಟ್ಟ ಕಡಿಮೆ ಕಾಣಲೆಂದು ಮುಂಚಿತವಾಗಿಯೇ ಕೊಡುವುದು. ಗಾಳಿಯನ್ನು ಶುದ್ಧಮಾಡುವ ಖರ್ಚಿಗಿಂತ ಮಾತ್ರೆಯ ಖರ್ಚು ಕಡಿಮೆ. ದಾಖಲೆಯೂ ಚೊಕ್ಕಟವಾಗಿ ಕಾಣುತ್ತದೆ. ಉದ್ಯಮಗಳು ನ್ಯಾಯಾಲಯಕ್ಕೆ ಹೋದವು. 1980ರಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಮಾನದಂಡದ ಮುಖ್ಯ ಭಾಗಗಳನ್ನು ಎತ್ತಿಹಿಡಿಯಿತು. ಆ ಮಿತಿಗಳೂ ಈಗ ಹಳತಾಗಿವೆ. ಕ್ಯಾಲಿಫೋರ್ನಿಯ ರಾಜ್ಯ 2025ರ ಜನವರಿಯಿಂದ ಗಾಳಿಯ ಮಿತಿಯನ್ನು 10 ಮೈಕ್ರೊಗ್ರಾಂಗೆ ಇಳಿಸಿದೆ.

ನಮ್ಮಲ್ಲಿ 2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆ ಜಾರಿಗೆ ಬರುವವರೆಗೆ ಇದ್ದ 1948ರ ಕಾರ್ಖಾನೆಗಳ ಕಾಯ್ದೆಯ ಎರಡನೆಯ ಅನುಸೂಚಿ ಗಾಳಿಯಲ್ಲಿ ಸೀಸಕ್ಕೆ ಇಟ್ಟಿದ್ದ ಮಿತಿ ಒಂದು ಘನ ಮೀಟರಿಗೆ 0.15 ಮಿಲಿಗ್ರಾಂ, ಎಂದರೆ 150 ಮೈಕ್ರೊಗ್ರಾಂ. ಮೂರನೆಯ ಅನುಸೂಚಿಯಲ್ಲಿ ಸರ್ಕಾರಕ್ಕೆ ಕಡ್ಡಾಯವಾಗಿ ತಿಳಿಸಬೇಕಾದ ವೃತ್ತಿರೋಗಗಳ ಪಟ್ಟಿಯಿದ್ದು, ಅದರಲ್ಲಿ ಮೊದಲ ಹೆಸರೇ ಸೀಸದ ವಿಷವಾಗಿತ್ತು. ಅಂಥ ರೋಗಿಯನ್ನು ಕಂಡ ವೈದ್ಯರು ಮುಖ್ಯ ಕಾರ್ಖಾನೆ ನಿರೀಕ್ಷಕರಿಗೆ ಬರೆದು ತಿಳಿಸಬೇಕೆಂದು 89ನೆಯ ಕಲಮು ಹೇಳುತ್ತಿತ್ತು. ಕಾಗದದ ಮೇಲೆ ಇದು ಹ್ಯಾಮಿಲ್ಟನ್ ಅವರಿಗೆ ಇರದಿದ್ದ ಅಧಿಕಾರ. ಆದರೆ ವೈದ್ಯರು ರೋಗಿಯನ್ನು ನೀವು ಏನು ಕೆಲಸ ಮಾಡುತ್ತೀರಿ ಎಂದು ಕೇಳದಿದ್ದರೆ, ಕೇಳಿದರೂ ರಕ್ತದ ಸೀಸವನ್ನು ಅಳೆಯುವ ಪ್ರಯೋಗಾಲಯ ಹತ್ತಿರದಲ್ಲಿಲ್ಲದಿದ್ದರೆ, ಆ ಕಲಮು ಎಚ್ಚರಗೊಳ್ಳುತ್ತಲೇ ಇರಲಿಲ್ಲ. ಬೆಂಗಳೂರಿಗೆ ಈ ವಿಷಯದಲ್ಲಿ ಒಂದು ಗೌರವದ ಸ್ಥಾನವಿದೆ. 1999ರಲ್ಲಿ ಸೀಸದ ವಿಷದ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನ ನಡೆದದ್ದು ಇಲ್ಲಿಯೇ; ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರಜ್ಞ ಡಾ. ತುಪ್ಪಿಲ್ ವೆಂಕಟೇಶ್ ಅವರು ಸೀಸದ ವಿಷಕ್ಕಾಗಿಯೇ ರಾಷ್ಟ್ರೀಯ ಮಟ್ಟದ ಕೇಂದ್ರವನ್ನು ಕಟ್ಟಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ವೃತ್ತಿ ಆರೋಗ್ಯದ ಪ್ರಾದೇಶಿಕ ಕೇಂದ್ರ ದೇವನಹಳ್ಳಿಯ ಕಡೆ ಇದೆ.

ನಾನು ಒಮ್ಮೆ ನಗರದ ಹೊರವಲಯದಲ್ಲಿ ಹಳೆಯ ಬ್ಯಾಟರಿ ಒಡೆಯುವ ಗುಜರಿಯೊಂದನ್ನು ನೋಡಲು ಹೋಗಿದ್ದೆ. ಆಸಿಡ್ ಸುರಿದು ಬರಿದು ಮಾಡಿದ ಕಪ್ಪು ಪೆಟ್ಟಿಗೆಗಳನ್ನು ಕೊಡಲಿಯಿಂದ ಸೀಳಿ, ಒಳಗಿನ ಪ್ಲೇಟುಗಳನ್ನು ಕೈಯಿಂದ ಎಳೆದು ರಾಶಿ ಹಾಕುತ್ತಿದ್ದರು. ಎಳೆದಾಗಲೆಲ್ಲ ಬೂದುಬಣ್ಣದ ನುಣ್ಣನೆಯ ಪುಡಿ ಉದುರುತ್ತಿತ್ತು. ರೆಪ್ಪೆಯ ಕೂದಲಿನ ಮೇಲೂ ಅದು ಕುಳಿತಿತ್ತು. ಮುಖಕ್ಕೆ ಕಟ್ಟಿಕೊಳ್ಳಲು ಬಟ್ಟೆಯಿತ್ತು, ಸೆಖೆಗೆ ಅದು ಕುತ್ತಿಗೆಗೆ ಇಳಿದಿತ್ತು. ಮಧ್ಯಾಹ್ನ ಒಬ್ಬರು ನಲ್ಲಿಯ ಕೆಳಗೆ ಕೈ ಹಿಡಿದು, ಸೋಪಿಲ್ಲದೆ ತೊಳೆದುಕೊಂಡು, ಅದೇ ಅಂಗಿಯಲ್ಲಿ ಊಟದ ಡಬ್ಬಿ ತೆಗೆದರು. ನಿಮ್ಮ ರಕ್ತ ಪರೀಕ್ಷೆ ಮಾಡಿದ್ದಾರಾ ಎಂದು ಕೇಳಿದೆ. ಹಿಂದೆ ಯಾರೋ ಬಂದು ತೆಗೆದುಕೊಂಡು ಹೋಗಿದ್ದರು, ಸಾರ್, ರಿಪೋರ್ಟು ಮಾಲೀಕರ ಹತ್ತಿರ ಇರಬೇಕು ಎಂದರು. ಉಸಿರಿನಲ್ಲಿ ಹೋದದ್ದಕ್ಕಿಂತ ಕೈಯಿಂದ ಬಾಯಿಗೆ ಹೋಗುವುದು ಕಡಿಮೆಯೇನಲ್ಲ, ಅಂಗಿಯ ಜೊತೆ ಮನೆಗೆ ಹೋದದ್ದು ಮಕ್ಕಳ ಪಾಲಾಗುತ್ತದೆ ಎಂಬುದನ್ನು ಅವರಿಗೆ ಹೇಳಿದವರಿರಲಿಲ್ಲ. ರಕ್ತದಲ್ಲಿರುವ ಸೀಸ ತಿಂಗಳುಗಳಲ್ಲಿ ಇಳಿಯಬಹುದು. ಮೂಳೆಗೆ ಸೇರಿದ್ದು ದಶಕಗಳವರೆಗೆ ಅಲ್ಲೇ ಇರುತ್ತದೆ.

ಆ ರಕ್ತದ ವರದಿ ಮಾಲೀಕರ ಹತ್ತಿರ ಇರುವುದಕ್ಕೂ 1924ರ ಹಸ್ತಪ್ರತಿ ಕಂಪನಿಯ ಅನುಮೋದನೆಗೆ ಹೋಗುವುದಕ್ಕೂ ನನಗೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಸರ್ಕಾರದ ಮೇಲ್ವಿಚಾರಣೆ ಎಂದಾಗ ನಾವು ಸಾಮಾನ್ಯವಾಗಿ ನೆನೆಯುವುದು ನಿರೀಕ್ಷಕರ ಭೇಟಿ, ನೋಟಿಸು, ದಂಡ ಇವುಗಳನ್ನು. ಆದರೆ ನಿರೀಕ್ಷಕರು ಯಾವ ಅಂಕಿಯನ್ನು ಆಧರಿಸಿ ನೋಟಿಸು ಕೊಡುತ್ತಾರೋ ಆ ಅಂಕಿ ಹುಟ್ಟುವ ಸ್ಥಳದ ಮೇಲೆ, ಎಂದರೆ ಸಂಶೋಧನೆಯ ಒಪ್ಪಂದದ ಮೇಲೆ, ಸರ್ಕಾರದ ಕಣ್ಣು ಬೀಳುವುದು ಅಪರೂಪ.

ಇದನ್ನು ದೂರದಿಂದ ಹೇಳುತ್ತಿಲ್ಲ. ಸಾರ್ವಜನಿಕ ಹಣದಿಂದ ನಡೆಯುವ ಒಂದು ಶಿಕ್ಷಣ ಸಂಸ್ಥೆಯಲ್ಲಿ ಉದ್ಯಮಗಳೊಂದಿಗಿನ ಒಪ್ಪಂದಗಳ ಕರಡುಗಳನ್ನು ಓದುವ ಕೆಲಸ ಕೆಲವು ವರ್ಷ ನನ್ನ ಪಾಲಿಗೆ ಬಂದಿತ್ತು. ಕೆಲಸದ ಸ್ಥಳದ ಗಾಳಿ ಮತ್ತು ಧೂಳಿನ ಮಾದರಿಗಳನ್ನು ಪರೀಕ್ಷಿಸುವ ಒಂದು ಯೋಜನೆಯ ಕರಡಿನಲ್ಲಿ, ಪ್ರಾಯೋಜಕರ ಲಿಖಿತ ಒಪ್ಪಿಗೆಯಿಲ್ಲದೆ ಫಲಿತಾಂಶಗಳನ್ನು ಯಾರಿಗೂ ಯಾವ ರೂಪದಲ್ಲಿಯೂ ತಿಳಿಸತಕ್ಕದ್ದಲ್ಲ ಎಂಬ ಸಾಲಿತ್ತು. ಯಾರಿಗೂ ಎಂದರೆ ಕಾರ್ಖಾನೆಗಳ ಇಲಾಖೆಗೂ ಸೇರಿ, ಮಾದರಿಯನ್ನು ತೆಗೆದ ಜಾಗದಲ್ಲಿ ನಿಂತು ದುಡಿಯುವವರಿಗೂ ಸೇರಿ. ಸಭೆಯಲ್ಲಿ ಇದನ್ನು ಎತ್ತಿದಾಗ, ಇದು ಎಲ್ಲ ಒಪ್ಪಂದಗಳಲ್ಲೂ ಇರುವ ಮಾಮೂಲು ಸಾಲು, ವ್ಯಾಪಾರದ ಗುಟ್ಟು ಕಾಯಲು ಹಾಕಿದ್ದು ಎಂಬ ಉತ್ತರ ಬಂತು. ಗುಟ್ಟು ಎನ್ನುವುದು ತಯಾರಿಕೆಯ ವಿಧಾನಕ್ಕೆ ಸಲ್ಲುವ ಮಾತು. ದುಡಿಯುವವನ ಮೂಗಿನ ಮುಂದಿನ ಗಾಳಿಯಲ್ಲಿ ಏನಿದೆ ಎಂಬುದಕ್ಕೆ ಅದು ಸಲ್ಲುವುದಿಲ್ಲ ಎಂದು ವಾದಿಸಿದೆ. ಪ್ರಾಯೋಜಕರು ಹಸ್ತಪ್ರತಿಯನ್ನು ಮೊದಲೇ ಓದಲಿ, ತಪ್ಪುಗಳಿದ್ದರೆ ತೋರಿಸಲಿ, ತಯಾರಿಕೆಯ ಗುಟ್ಟುಗಳನ್ನು ತೆಗೆಸಲಿ, ಅದಕ್ಕೆ ಅರವತ್ತು ದಿನ ತೆಗೆದುಕೊಳ್ಳಲಿ; ಆದರೆ ಪ್ರಕಟಿಸುವ ನಿರ್ಧಾರ ಸಂಸ್ಥೆಯದೇ ಆಗಿರಲಿ, ಮಿತಿ ಮೀರಿದ ಅಂಕಿ ಸಿಕ್ಕಿದರೆ ಕಾರ್ಮಿಕರಿಗೂ ಇಲಾಖೆಗೂ ಕೂಡಲೇ ತಿಳಿಸುವ ಹಕ್ಕು ಯಾರ ಒಪ್ಪಿಗೆಗೂ ಕಾಯದಿರಲಿ ಎಂಬ ತಿದ್ದುಪಡಿಯನ್ನು ಬರೆದುಕೊಟ್ಟೆ. ಅರವತ್ತು ದಿನಗಳ ಭಾಗಕ್ಕೆ ಒಪ್ಪಿಗೆ ಸಿಕ್ಕಿತು. ಇಲಾಖೆಗೆ ತಿಳಿಸುವ ಭಾಗವನ್ನು ಕಾನೂನು ಸಲಹೆಗೆ ಕಳಿಸಲಾಯಿತು. ನಾನು ಆ ಜವಾಬ್ದಾರಿಯನ್ನು ಬಿಟ್ಟುಕೊಟ್ಟಾಗಲೂ ಕಡತ ಅಲ್ಲಿಯೇ ಇತ್ತು.